ಹಾಳೂರಿಗೆ ಉಳಿದವಳೇ ಗೌಡತಿ

ನೆಬ್ರಾಸ್ಕದ 12ನೇ ನಂಬರಿನ ರಾಜ್ಯ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋಗುತ್ತಿದ್ದರೆ ಒಂದು ಕಡೆ ಹಸಿರು ಫಲಕ ಎದುರಾಗುತ್ತದೆ. ಊರ ಹೆಸರು ಮೊನೊವೈ. ಪಕ್ಕದಲ್ಲಿ ಜನಸಂಖ್ಯೆ: 1.

ಈ ರಾಜ್ಯದಲ್ಲಿ ಊರ ಫಲಕದ ಮೇಲೆ ಜನಸಂಖ್ಯೆ ಬರೆಯುವ ರೂಢಿ. 340, 1,200, ಹೀಗೆ. ಮೊನೊವೈ ಫಲಕದ ಫೋಟೋ ಮೊದಲ ಸಲ ನೋಡಿದಾಗ ಯಾವುದೋ ಅಂಕಿ ಉದುರಿಹೋಗಿದೆ ಅಂದುಕೊಂಡಿದ್ದೆ. ಉದುರಿದ್ದು ಅಂಕಿಯಲ್ಲ, ಊರು. ಅಲ್ಲಿ ಉಳಿದದ್ದು ಒಬ್ಬ ಅಜ್ಜಿ. 2010ರ ಜನಗಣತಿಯ ಹೊತ್ತಿಗೆ ಇಡೀ ಅಮೆರಿಕದಲ್ಲಿ ಒಬ್ಬರೇ ವಾಸಿಸುವ, ಆದರೂ ಕಾನೂನು ಪ್ರಕಾರ ಸ್ವಂತ ಪಂಚಾಯಿತಿ ಇರುವ ಊರು ಅದೊಂದೇ ಆಗಿತ್ತು.

2021ರ ಆಗಸ್ಟ್‌ನಲ್ಲಿ ಹೊಸ ಜನಗಣತಿಯ ಅಂಕಿಗಳು ಹೊರಬಂದವು. ಮೊನೊವೈ ಜನಸಂಖ್ಯೆ: 2. ಹತ್ತು ವರ್ಷಕ್ಕೆ ಶೇಕಡಾ 100ರ ಬೆಳವಣಿಗೆ! ಆಫೀಸಿನಲ್ಲಿ ಎಲ್ಲರೂ ನಕ್ಕೆವು. ಪತ್ರಕರ್ತರು ಫೋನ್ ಮಾಡಿ ಕೇಳಿದರೆ, ಆ ಇನ್ನೊಬ್ಬರು ಯಾರು, ಎಲ್ಲಿದ್ದಾರೆ ಅಂತ ಅಜ್ಜಿಯೇ ತಿರುಗಿ ಕೇಳಿದರಂತೆ. ಊರಲ್ಲಿ ಇರುವವರಿಗೇ ಗೊತ್ತಿಲ್ಲದ ನೆರೆಯವನು.

ನಾನು ಓಮಾಹಾದಲ್ಲಿ ಡೇಟಾ ಕೆಲಸ ಮಾಡಿಕೊಂಡಿರುವವನು. ಸಂಖ್ಯೆ ಮತ್ತು ಮನುಷ್ಯನ ನಡುವೆ ಹೀಗೆ ಜಗಳ ಬಿದ್ದರೆ ಸುಮ್ಮನೆ ಕೂರುವುದು ಕಷ್ಟ. ಅಕ್ಟೋಬರಿನ ಒಂದು ರಜೆಯ ದಿನ ಕಾರು ಹತ್ತಿದೆ.

ಓಮಾಹಾದಿಂದ ವಾಯವ್ಯಕ್ಕೆ ನಾಲ್ಕು ಗಂಟೆಗೆ ಹತ್ತಿರದ ದಾರಿ. ಮೊದಲರ್ಧದ ಬಗ್ಗೆ ಹೇಳಲು ಏನೂ ಇಲ್ಲ: ಜೋಳ, ಸೋಯಾ, ಮತ್ತೆ ಜೋಳ. (ಇಲ್ಲಿ ಜೋಳ ಅಂದರೆ ಮುಸುಕಿನ ಜೋಳ. ನಮ್ಮ ರೊಟ್ಟಿಯ ಬಿಳಿಜೋಳವನ್ನು ಕನಸಿನಲ್ಲೂ ನೆನೆಯಬೇಡಿ.) ನಾರ್ಫೋಕ್ ದಾಟಿ ಉತ್ತರಕ್ಕೆ ತಿರುಗಿದ ಮೇಲೆ ನೆಲ ಮಡಿಕೆಬೀಳುತ್ತದೆ. ವರ್ಡಿಗ್ರಿ ಎಂಬ ಊರಲ್ಲಿ ಕಾಫಿಗೆ ನಿಂತೆ. ಚೆಕ್ ವಲಸಿಗರ ಊರದು. ಹಣ್ಣಿನ ಹೂರಣ ಇಟ್ಟ ಕೊಲಾಚ್ ಎಂಬ ತಿಂಡಿಗೆ ತಾವೇ ಜಗತ್ತಿನ ರಾಜಧಾನಿ ಎಂದು ಹೇಳಿಕೊಳ್ಳುತ್ತಾರೆ. ಮುಂದೆ ನಯೊಬ್ರಾರಾ. ಅದೇ ಹೆಸರಿನ ನದಿ ಅಲ್ಲಿ ಮಿಸೌರಿಯನ್ನು ಸೇರುತ್ತದೆ. ಮರಳದಿಬ್ಬಗಳ ನಡುವೆ ನಾಲ್ಕಾರು ಎಳೆಯಾಗಿ ಹರಿಯುವ ತೆಳ್ಳನೆಯ ನೀರು. ಬೇಸಿಗೆಯ ಮಲಪ್ರಭೆ ನೋಡಿದವರಿಗೆ ಮೋಸಹೋಗುವಷ್ಟು ಪರಿಚಿತ. ಆದರೆ ನಂಬುವ ಹಾಗಿಲ್ಲ. 1881ರ ಪ್ರವಾಹಕ್ಕೆ ನಯೊಬ್ರಾರಾ ಊರೇ ಜಾಗ ಬದಲಿಸಿತು. ಮಿಸೌರಿಗೆ ಅಣೆಕಟ್ಟು ಬಂದು ಅಂತರ್ಜಲ ಮೇಲೆದ್ದಾಗ 1970ರ ದಶಕದಲ್ಲಿ ಇನ್ನೊಮ್ಮೆ ಗಂಟುಮೂಟೆ ಕಟ್ಟಿತು. 2019ರ ಮಾರ್ಚ್‌ನಲ್ಲಿ ಮಂಜುಗಡ್ಡೆಯ ದಿಮ್ಮಿಗಳನ್ನು ಹೊತ್ತುಬಂದ ಇದೇ ನಯೊಬ್ರಾರಾ ನದಿ ಮೇಲಿನ ಸ್ಪೆನ್ಸರ್ ಅಣೆಕಟ್ಟನ್ನು ಒಡೆದುಕೊಂಡು ಹೋಯಿತು. 1927ರಲ್ಲಿ ಕಟ್ಟಿದ್ದು, ಒಂದು ಬೆಳಗಿಗೆ ಇಲ್ಲವಾಯಿತು.

ಈ ಎರಡು ನದಿಗಳ ನಡುವಿನ ದಿಬ್ಬಗಳ ಮೇಲೆ, ಬಾಯ್ಡ್ ಕೌಂಟಿಯಲ್ಲಿ ಮೊನೊವೈ ಇದೆ. ವಿಸ್ತೀರ್ಣ 0.21 ಚದರ ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 135 ಎಕರೆ. ನಮ್ಮಜ್ಜನ ಕಾಲದ ದೊಡ್ಡ ಒಕ್ಕಲುತನದ ಮನೆಯೊಂದರ ಹೊಲ ಅಷ್ಟಿರುತ್ತಿತ್ತು. ಹೆಸರಿಗೆ ಅಲ್ಲಿನ ಮೂಲನಿವಾಸಿಗಳ ಒಂದು ಭಾಷೆಯಲ್ಲಿ ಹೂ ಎಂಬ ಅರ್ಥವಂತೆ. ಕಾಡುಹೂಗಳು ಬಹಳ ಇದ್ದವೆಂದು ಆ ಹೆಸರು. ನಾನು ಹೋದದ್ದು ಅಕ್ಟೋಬರಿನಲ್ಲಿ. ಒಣಹುಲ್ಲು ಬಿಟ್ಟರೆ ಏನಿರಲಿಲ್ಲ.

ಎರಡು ನಿಮಿಷದಲ್ಲಿ ಊರು ಸುತ್ತಿ ಮುಗಿಯಿತು. ಒಂದು ಬಿಳಿಯ ಕಟ್ಟಡ, ಅದೇ ಅಜ್ಜಿಯ ಹೋಟೆಲು, ಮೊನೊವೈ ಟ್ಯಾವರ್ನ್. ಬರ್ಗರು, ಬಿಯರು. ಪಕ್ಕದಲ್ಲೊಂದು ಶೆಡ್ಡಿನಷ್ಟು ದೊಡ್ಡ ಗ್ರಂಥಾಲಯ. 2004ರಲ್ಲಿ ತೀರಿಕೊಂಡ ಗಂಡನ 5,000 ಪುಸ್ತಕಗಳನ್ನು ಜೋಡಿಸಿ ಅವನ ಹೆಸರಿನಲ್ಲೇ ತೆರೆದದ್ದು. ಆಮೇಲೆ ಚಾವಣಿ ಕುಸಿದ ಮನೆಗಳು, ಪಾಳುಬಿದ್ದ ಇಗರ್ಜಿ. ಅಲ್ಲಿ ಕೊನೆಯ ಶವಸಂಸ್ಕಾರ ನಡೆದದ್ದು 1960ರಲ್ಲಿ, ಅಜ್ಜಿಯ ತಂದೆಯದು.

ಟ್ಯಾವರ್ನಿನ ಬಾಗಿಲಿಗೆ ಬೀಗ ಇತ್ತು.

ಫೋನ್ ಮಾಡಿ ಹೋಗಬೇಕೆಂದು ತೋಚಲಿಲ್ಲ. ತಪ್ಪು ನನ್ನದೇ. ನಾಲ್ಕು ಗಂಟೆ ಓಡಿಸಿಕೊಂಡು ಒಂದು ಊರಿಗೆ ಬಂದರೆ ಇಡೀ ಜನಸಂಖ್ಯೆಯೇ ಊರಲ್ಲಿಲ್ಲ. ಮೆಟ್ಟಿಲ ಮೇಲೆ ಕೂತು, ತಂದಿದ್ದ ಚಪಾತಿ ಚಟ್ನಿಪುಡಿ ತಿಂದೆ. ಆ ಮಧ್ಯಾಹ್ನ ಮೊನೊವೈ ಜನಸಂಖ್ಯೆ ಮತ್ತೆ 1 ಆಗಿತ್ತು ಅಂತ ಹೇಳಬಹುದು. ಆದರೆ ಆ ಒಬ್ಬ ಗದಗಿನ ಕಡೆಯವನು.

ಮೊನೊವೈ ಹುಟ್ಟಿದ್ದು 1902ರಲ್ಲಿ, ರೈಲಿನ ಕೃಪೆಯಿಂದ. ಹಳಿ ಇಲ್ಲಿಯವರೆಗೆ ಬಂತು, ಊರಿನ ನಕ್ಷೆ ಬರೆದರು, ಸೈಟು ಮಾರಿದರು. ಈ ಕಡೆಯ ಬಹುಪಾಲು ಊರುಗಳ ಜಾತಕ ಇದೇ. ಬಾವಿ, ಗುಡಿ, ಕೋಟೆ ಅಂತ ಯಾವುದೋ ಕಾರಣಕ್ಕೆ ಜನ ಸೇರಿ ತಾನಾಗಿ ಬೆಳೆದ ಊರುಗಳಲ್ಲ. ರೈತ ಗಾಡಿಯಲ್ಲಿ ಧಾನ್ಯ ತಂದು ಸಂಜೆಯೊಳಗೆ ಮನೆ ಮುಟ್ಟಬೇಕು. ಆ ಅಂತರಕ್ಕೊಂದು ನಿಲ್ದಾಣ, ನಿಲ್ದಾಣಕ್ಕೊಂದು ಊರು. 1930ರ ದಶಕದಲ್ಲಿ ಸುಮಾರು 150 ಜನ, ದಿನಸಿ ಅಂಗಡಿಗಳೇ ಮೂರು. ಆಮೇಲೆ ಇಳಿತ. 1967ರಲ್ಲಿ ಅಂಚೆ ಕಚೇರಿ ಮುಚ್ಚಿತು. 1970ರ ದಶಕದಲ್ಲಿ ರೈಲು ನಿಂತಿತು. 1971ರಲ್ಲಿ ಗಂಡಹೆಂಡತಿ ಟ್ಯಾವರ್ನ್ ನಡೆಸಲು ಕೈಹಾಕಿದರು. ಇದನ್ನು ಧೈರ್ಯ ಅನ್ನಬೇಕೋ ಹುಂಬತನ ಅನ್ನಬೇಕೋ ನಾನಂತೂ ತೀರ್ಮಾನಿಸಿಲ್ಲ. 1974ರಲ್ಲಿ ಶಾಲೆ ಹೋಯಿತು. 1990ರಲ್ಲಿ 6 ಜನ. 2000ದಲ್ಲಿ 2, ಅಂದರೆ ಅವರಿಬ್ಬರೇ. ಆಮೇಲೆ 1.

ರೈಲು ಹೋದದ್ದಕ್ಕೆ ಊರು ಸತ್ತಿತು ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ರೈಲು ಹೋದಾಗ ಊರಲ್ಲಿ ಉಳಿದಿದ್ದವರೇ ಬೆರಳೆಣಿಕೆಯ ಮಂದಿ. ಊರನ್ನು ಬರಿದು ಮಾಡಿದ್ದು ಟ್ರ್ಯಾಕ್ಟರು. 1862ರ ಹೋಮ್‌ಸ್ಟೆಡ್ ಕಾಯಿದೆ ಒಂದು ಕುಟುಂಬಕ್ಕೆ 160 ಎಕರೆ ಎಂದು ಲೆಕ್ಕ ಹಾಕಿತ್ತು. ಒಬ್ಬ ಮನುಷ್ಯ, ಒಂದೆರಡು ಕುದುರೆ, ಮನೆತುಂಬ ಮಕ್ಕಳು ಎಂಬ ಕಾಲದ ಲೆಕ್ಕ ಅದು. ಯಂತ್ರ ಬಂದ ಮೇಲೆ ಅದೇ ಒಬ್ಬ ಮನುಷ್ಯ ಹತ್ತು ಪಟ್ಟು ನೆಲ ಉಳಬಲ್ಲ. ಅಂದರೆ ಒಂಬತ್ತು ಮನೆ ಬೇಡವಾದವು. ಹೊಲಗಳು ಇವತ್ತಿಗೂ ಬೀಳುಬಿದ್ದಿಲ್ಲ, ಬೆಳೆ ಹಿಂದಿಗಿಂತ ಹೆಚ್ಚೇ. ನೆಲ ಹಸನಾಗಿದ್ದೂ ಊರು ಹಾಳಾಗಬಹುದು ಎಂಬುದು ನನಗೆ ಇಲ್ಲಿಗೆ ಬರುವವರೆಗೆ ಅರ್ಥವಾಗಿರಲಿಲ್ಲ. ನಮ್ಮ ಕಡೆ ಹಾಳೂರು ಅಂದರೆ ಬರ, ಪ್ಲೇಗು, ಮುಳುಗಡೆ. ಇಲ್ಲಿ ಸುಗ್ಗಿಯೇ ಊರನ್ನು ತಿಂದಿದೆ.

ಮೊನೊವೈ ಒಂದೇ ಅಲ್ಲ. ಬಾಯ್ಡ್ ಕೌಂಟಿಯಲ್ಲಿ 1910ರ ಹೊತ್ತಿಗೆ 8,800ಕ್ಕೂ ಹೆಚ್ಚು ಜನರಿದ್ದರು, 2020ರಲ್ಲಿ 1,810. ಇದೇ ಕೌಂಟಿಯ ಗ್ರಾಸ್ ಎಂಬ ಊರಿನಲ್ಲಿ 2010ರಲ್ಲಿ ಇದ್ದದ್ದು ಇಬ್ಬರೇ. ನೆಬ್ರಾಸ್ಕದಲ್ಲಿ 93 ಕೌಂಟಿಗಳಿವೆ. ಓಮಾಹಾ, ಲಿಂಕನ್ ಇರುವ ಮೂರು ಕೌಂಟಿಗಳಲ್ಲೇ ರಾಜ್ಯದ ಅರ್ಧಕ್ಕಿಂತ ಹೆಚ್ಚು ಮಂದಿ. ಆ ಅರ್ಧದಲ್ಲಿ ನಾನೂ ಒಬ್ಬ.

ಅಜ್ಜಿ ಸುದ್ದಿಯಾದದ್ದು ಒಬ್ಬಳೇ ಇದ್ದಾಳೆಂದಲ್ಲ, ಒಬ್ಬಳೇ ಇದ್ದುಕೊಂಡು ಆಡಳಿತ ನಡೆಸುತ್ತಾಳೆ ಎಂದು. ಆಕೆಯೇ ಮೇಯರ್, ಆಕೆಯೇ ಕಾರಕೂನಳು, ಆಕೆಯೇ ಖಜಾಂಚಿ. ಹೆಂಡದ ಲೈಸೆನ್ಸಿಗೆ ತಾನೇ ಅರ್ಜಿ ಹಾಕಿ ತಾನೇ ಮಂಜೂರು ಮಾಡಬೇಕು. ತೆರಿಗೆಯನ್ನು ತನ್ನಿಂದ ತಾನೇ ವಸೂಲು ಮಾಡಬೇಕು. ಪ್ರತಿವರ್ಷ ಊರ ರಸ್ತೆಗಳ ಯೋಜನೆ ಬರೆದು ರಾಜ್ಯಕ್ಕೆ ಸಲ್ಲಿಸಬೇಕು; ಇಲ್ಲದಿದ್ದರೆ ಊರಿನ ನಾಲ್ಕು ಬೀದಿದೀಪಗಳಿಗೆ ಬರುವ ದುಡ್ಡು ನಿಲ್ಲುತ್ತದೆ.

ಇದನ್ನು ಕೇಳಿದ ಯಾವ ಕನ್ನಡಿಗನ ಬಾಯಲ್ಲೂ ಬರುವ ಗಾದೆ ಒಂದೇ. ಹಾಳೂರಿಗೆ ಉಳಿದವನೇ ಗೌಡ. ನನ್ನ ಬಾಯಲ್ಲೂ ಬಂತು. ಆದರೆ ಆ ಬೀಗ ಹಾಕಿದ ಬಾಗಿಲ ಮುಂದೆ ಕೂತು ಯೋಚಿಸಿದರೆ ಗಾದೆ ಇಲ್ಲಿಗೆ ಸರಿಹೊಂದಲಿಲ್ಲ. ಗಾದೆಯಲ್ಲಿರುವುದು ಕುಹಕ: ಯೋಗ್ಯರೆಲ್ಲ ಹೋದ ಮೇಲೆ ಉಳಿದವನು ಪೇಟ ಸುತ್ತಿಕೊಂಡ ಎಂದು. ಈ ಗೌಡತಿಗೆ ಪೇಟ ಇಲ್ಲ, ಬರೀ ಫಾರಂ ತುಂಬುವ ಕೆಲಸ. ತುಂಬದಿದ್ದರೂ ಅವಳ ಬದುಕಿಗೆ ಏನೂ ಆಗುವುದಿಲ್ಲ. ಮನೆ ಇರುತ್ತದೆ, ಟ್ಯಾವರ್ನ್ ಇರುತ್ತದೆ. ಹೋಗುವುದು ಮೊನೊವೈ ಎಂಬ ಹೆಸರು ಮಾತ್ರ; ಜಾಗ ಕೌಂಟಿಯ ನಕ್ಷೆಯಲ್ಲಿ ಹೊಲದ ನಡುವಿನ ಹೊಲವಾಗುತ್ತದೆ. ಊರು ನಿಂತಿರುವುದು ಗೋಡೆಗಳ ಮೇಲಲ್ಲ, ವರ್ಷಕ್ಕೊಮ್ಮೆ ಅಂಚೆಗೆ ಬೀಳುವ ಕಾಗದದ ಮೇಲೆ. ಆ ಅಂಚೆ ಕಚೇರಿಯೂ ಬೇರೆ ಊರಿನದು.

ನಾಲ್ಕು ಬೀದಿದೀಪ ಎಂದು ಓದಿದಾಗಲೇ ನನಗೊಂದು ಪದ ನೆನಪಾಗಿತ್ತು. ನಮ್ಮಜ್ಜ ಕುಲಕರ್ಣಿಕೆ ಮಾಡಿದವರು. ಅವರ ಮಾತಿನಲ್ಲಿ ಆಗಾಗ ‘ಆ ಊರು ಬೇಚರಾಕ್’ ಎಂದು ಬರುತ್ತಿತ್ತು. ಜನವಸತಿ ಇಲ್ಲದ, ಆದರೆ ಹೆಸರು, ಎಲ್ಲೆ, ಸರ್ವೆ ನಂಬರುಗಳೆಲ್ಲ ದಫ್ತರದಲ್ಲಿ ಜೀವಂತ ಇರುವ ಗ್ರಾಮ. ಚಿರಾಗ್ ಅಂದರೆ ಪಾರ್ಸಿಯಲ್ಲಿ ದೀಪ, ಬೇಚಿರಾಗ್, ದೀಪವಿಲ್ಲದ್ದು. ಕಂದಾಯ ಇಲಾಖೆಯ ಬಾಯಿಂದ ಕವಿತೆ ಬಂದ ಅಪರೂಪದ ಸಂದರ್ಭ. 2011ರ ಜನಗಣತಿಯಲ್ಲಿ ಕರ್ನಾಟಕದ ಗ್ರಾಮಗಳು 29,340. ಅದರಲ್ಲಿ ಜನ ಇದ್ದದ್ದು 27,397ರಲ್ಲಿ. ಮಿಕ್ಕ 1,943 ದೀಪವಿಲ್ಲದವು. ನಮ್ಮ ಪದ್ಧತಿಯಲ್ಲಿ ಜನ ಹೋದರೂ ಗ್ರಾಮ ಉಳಿಯುತ್ತದೆ, ಏಕೆಂದರೆ ಗ್ರಾಮ ಎಂದರೆ ನೆಲದ ಲೆಕ್ಕ. ಅಮೆರಿಕದ ಊರು ಜನ ಮಾಡಿಕೊಂಡ ಒಪ್ಪಂದ. ಕೊನೆಯ ಸಹಿದಾರ ಎದ್ದುಹೋದರೆ ಕಾಗದಕ್ಕೆ ಬೆಲೆ ಇಲ್ಲ. ಇಲ್ಲಿ ಬೇಚರಾಕ್ ಎಂಬ ಸ್ಥಿತಿಯೇ ಇಲ್ಲ. ದೀಪ ಇರಬೇಕು, ಇಲ್ಲವೇ ಊರೇ ಇರಬಾರದು.

ಈಗ ಆ ಎರಡನೆಯವನ ವಿಷಯ.

ಎರಡನೆಯವನು ಇಲ್ಲ. ಅವನನ್ನು ಹುಟ್ಟಿಸಿದ್ದು ವಾಷಿಂಗ್ಟನ್ನಿನ ಒಂದು ಕಂಪ್ಯೂಟರು, ಅದೂ ಬೇಕೆಂದೇ. ಜನಗಣತಿಯಲ್ಲಿ ಕೊಟ್ಟ ವೈಯಕ್ತಿಕ ಮಾಹಿತಿ ಗುಟ್ಟಾಗಿಯೇ ಉಳಿಯಬೇಕೆಂದು ಇಲ್ಲಿನ ಕಾನೂನು. ಒಬ್ಬೊಬ್ಬರ ಫಾರಂ ಹೊರಬರುವುದು 72 ವರ್ಷ ಕಳೆದ ಮೇಲೆ. ಆದರೆ ಬರೀ ಒಟ್ಟು ಸಂಖ್ಯೆಗಳನ್ನು ಪ್ರಕಟಿಸಿದರೂ ಗುಟ್ಟು ಸೋರುತ್ತದೆ. ವಯಸ್ಸಿನ ಪಟ್ಟಿ, ಲಿಂಗದ ಪಟ್ಟಿ, ಜನಾಂಗದ ಪಟ್ಟಿ ಒಂದರ ಮೇಲೊಂದು ಇಟ್ಟು ಸಮೀಕರಣ ಬಿಡಿಸಿದರೆ ಕೆಳಗಿನಿಂದ ಮನುಷ್ಯರು ಎದ್ದುಬರುತ್ತಾರೆ. ತಮ್ಮದೇ 2010ರ ಅಂಕಿಗಳ ಮೇಲೆ ಜನಗಣತಿ ಇಲಾಖೆಯವರು ಇದನ್ನು ಮಾಡಿ ನೋಡಿ ಬೆಚ್ಚಿದರು. ಅದಕ್ಕೇ 2020ರಲ್ಲಿ ಹೊಸ ಉಪಾಯ: ಪ್ರಕಟಿಸುವ ಮೊದಲು ಅಂಕಿಗಳಿಗೆ ಅಳೆದು ತೂಗಿ ಚೂರು ಸುಳ್ಳು ಬೆರೆಸುವುದು. ಇದಕ್ಕೆ ಡಿಫರೆನ್ಷಿಯಲ್ ಪ್ರೈವಸಿ ಎಂದು ಹೆಸರು.

ಕೇಳಲು ವಿಚಿತ್ರ, ಆದರೆ ಮೂಲ ಯುಕ್ತಿ ಹಳೆಯದು. ಒಂದು ಹಾಸ್ಟೆಲಿನಲ್ಲಿ ಎಷ್ಟು ಹುಡುಗರು ಗುಟ್ಕಾ ತಿನ್ನುತ್ತಾರೆ ತಿಳಿಯಬೇಕು ಅನ್ನಿ. ನೇರ ಕೇಳಿದರೆ ಯಾರೂ ಹೇಳುವುದಿಲ್ಲ. ಪ್ರತಿಯೊಬ್ಬನೂ ಮರೆಯಲ್ಲಿ ನಾಣ್ಯ ಚಿಮ್ಮಲಿ. ರಾಜ ಬಿದ್ದರೆ ನಿಜ ಹೇಳಲಿ, ರಾಣಿ ಬಿದ್ದರೆ ಏನಿದ್ದರೂ ‘ಹೌದು’ ಅನ್ನಲಿ. ಈಗ ಹೌದು ಎಂದ ಯಾವನನ್ನೂ ಹಿಡಿಯಲಾಗದು, ನಾಣ್ಯ ಹಾಗೆ ಬಿತ್ತು ಎನ್ನುತ್ತಾನೆ. ಆದರೆ ಅರ್ಧ ಜನಕ್ಕೆ ರಾಣಿ ಬಿದ್ದಿರುತ್ತದೆಂದು ನಮಗೆ ಗೊತ್ತು, ಅದನ್ನು ಕಳೆದು ಉಳಿದದ್ದನ್ನು ಎರಡು ಪಟ್ಟು ಮಾಡಿದರೆ ಒಟ್ಟು ಲೆಕ್ಕ ಸಿಕ್ಕಿಬಿಡುತ್ತದೆ. ಸಾವಿರ ಹುಡುಗರಿದ್ದರೆ ಬಹಳ ಚೆನ್ನ. ಹಾಸ್ಟೆಲಿನಲ್ಲಿ ಒಬ್ಬನೇ ಇದ್ದರೆ ನಾಣ್ಯವೇ ಉತ್ತರ.

ಮೊನೊವೈಗೆ ಆದದ್ದು ಅದೇ. ರಾಜ್ಯದ ಒಟ್ಟು ಸಂಖ್ಯೆಗೆ ಕೈಹಚ್ಚುವುದಿಲ್ಲ. ಸಂಸತ್ತಿನ ಸೀಟು ಹಂಚುವುದು ಅದರ ಮೇಲೆ. ಅದಕ್ಕಿಂತ ಕೆಳಗಿನ ಜನಸಂಖ್ಯೆಗೆಲ್ಲ ಚಿಟಿಕೆ ಬೀಳುತ್ತದೆ. ಓಮಾಹಾದ ಲಕ್ಷಗಳಲ್ಲಿ ಒಂದು ಹೆಚ್ಚಾದರೂ ಕಡಿಮೆಯಾದರೂ ಯಾರಿಗೂ ತಿಳಿಯದು. ಇಲ್ಲಿ ಅದೇ ಒಂದು ಇಡೀ ಊರು. ಅಲಬಾಮಾ ರಾಜ್ಯ ಈ ಪದ್ಧತಿಯ ವಿರುದ್ಧ 2021ರಲ್ಲಿ ಕೋರ್ಟಿಗೂ ಹೋಯಿತು, ನಡೆಯಲಿಲ್ಲ.

ವೃತ್ತಿಯಿಂದ ನಾನು ಈ ಪದ್ಧತಿಯ ಪರ. ಗಣಿತ ಗಟ್ಟಿಯಾಗಿದೆ, ಉದ್ದೇಶ ಒಳ್ಳೆಯದು. ಆದರೂ ಆ ಮೆಟ್ಟಿಲ ಮೇಲೆ ನಗು ಬಂತು. ಯಾರ ಗುಟ್ಟನ್ನು ಕಾಯುತ್ತಿದ್ದಾರೆ? ಜಗತ್ತಿನ ಟಿವಿಯವರೆಲ್ಲ ಬಂದುಹೋದ, ಸ್ಯಾಂಡ್‌ವಿಚ್ ಕಂಪನಿ 2018ರಲ್ಲಿ ಊರಿಗೇ ಬಂದು ದಾಖಲೆ ಗಾತ್ರದ ಜಾಹೀರಾತು ಹಾಸಿದ, ಹೆದ್ದಾರಿಯ ಫಲಕದಲ್ಲೇ ತಲೆಎಣಿಕೆ ಬರೆದಿರುವ ಹೆಂಗಸಿನದು. ಅವಳಿಗೆ ಮರೆಯಾಗಿ ನಿಲ್ಲಲಿ ಎಂದು ಸರ್ಕಾರ ಒಬ್ಬ ಇಲ್ಲದ ಮನುಷ್ಯನನ್ನು ಕಳಿಸಿಕೊಟ್ಟಿದೆ.

ಎಣಿಕೆಯ ಮಾತು ಬಂದ ಮೇಲೆ ಈ ನೆಲದ ಇನ್ನೊಂದು ಎಣಿಕೆ ಹೇಳದೆ ಹೋಗಲಾರೆ. ಇಲ್ಲಿಂದ ಪೂರ್ವಕ್ಕೆ, ನಯೊಬ್ರಾರಾ ನದಿಯ ಬಾಯಿಯ ಹತ್ತಿರ ಪೊಂಕಾ ಎಂಬ ಮೂಲನಿವಾಸಿ ಜನರ ಊರುಗಳಿದ್ದವು. 1868ರ ಒಂದು ಒಪ್ಪಂದದಲ್ಲಿ ಸರ್ಕಾರ ಕಣ್ತಪ್ಪಿನಿಂದ ಅವರ ನೆಲವನ್ನು ಅವರ ವೈರಿಗಳಾದ ಸೂ ಜನರಿಗೆ ಬರೆದುಕೊಟ್ಟಿತು. ಕಣ್ತಪ್ಪನ್ನು ತಿದ್ದುವ ಬದಲು 1877ರಲ್ಲಿ ಪೊಂಕಾಗಳನ್ನೇ ದಕ್ಷಿಣಕ್ಕೆ, ಇವತ್ತಿನ ಓಕ್ಲಹೋಮಾಕ್ಕೆ ಅಟ್ಟಿದರು. ದಾರಿಯಲ್ಲಿ, ಅಲ್ಲಿ ತಲುಪಿದ ಮೇಲೆ ಬಹಳ ಮಂದಿ ಸತ್ತರು. ಸ್ಟ್ಯಾಂಡಿಂಗ್ ಬೇರ್ ಎಂಬ ಮುಖಂಡನ ಮಗನೂ ಸತ್ತ. ತನ್ನನ್ನು ನಯೊಬ್ರಾರಾ ದಡದಲ್ಲೇ ಮಣ್ಣುಮಾಡಬೇಕೆಂದು ಮಗ ಕೇಳಿದ್ದ. 1879ರ ಜನವರಿಯ ಚಳಿಯಲ್ಲಿ ಅಪ್ಪ ಮಗನ ಎಲುಬುಗಳನ್ನು ಹೊತ್ತು ಸುಮಾರು 30 ಜನರೊಂದಿಗೆ ಉತ್ತರಕ್ಕೆ ನಡೆದ. ಅನುಮತಿ ಇಲ್ಲದೆ ಹೊರಟದ್ದಕ್ಕೆ ಸೈನ್ಯ ಹಿಡಿಯಿತು. ಓಮಾಹಾದಲ್ಲಿ ಮೊಕದ್ದಮೆ ನಡೆಯಿತು. ಕೋರ್ಟಿನ ಮುಂದಿದ್ದ ಪ್ರಶ್ನೆ: ಇಂಡಿಯನ್, ಅಂದರೆ ಇಲ್ಲಿನ ಮೂಲನಿವಾಸಿ, ಕಾನೂನಿನ ಕಣ್ಣಿನಲ್ಲಿ ‘ವ್ಯಕ್ತಿ’ ಹೌದೋ ಅಲ್ಲವೋ? ಆ ವರ್ಷ ಮೇ 12ರಂದು ನ್ಯಾಯಾಧೀಶ ಎಲ್ಮರ್ ಡಂಡಿ ಹೌದು ಎಂದು ತೀರ್ಪು ಕೊಟ್ಟರು. ನಾನು ದಿನಾ ಓಡಾಡುವ ಊರಿನಲ್ಲಿ ಒಬ್ಬ ಮನುಷ್ಯ ಮನುಷ್ಯನೆಂದು ಸಾಬೀತಾಗಲು ವಕೀಲರು ಬೇಕಾದರು.

1891ರಲ್ಲಿ ಬಾಯ್ಡ್ ಕೌಂಟಿ ಆಯಿತು, 1902ರಲ್ಲಿ ಮೊನೊವೈ. ಖಾಲಿ ಜಾಗದಲ್ಲಿ ಹುಟ್ಟಿದ ಊರು ಎಂದು ಎಲ್ಲರೂ ಬರೆಯುತ್ತಾರೆ. ಖಾಲಿ ಇರಲಿಲ್ಲ, ಖಾಲಿ ಮಾಡಿಸಿದ್ದು. ಈಗ ಮತ್ತೆ ಖಾಲಿಯಾಗುತ್ತಿದೆ, ಈ ಸಲ ಯಾರೂ ಅಟ್ಟದೆ.

ನಮ್ಮವರ ಎಣಿಕೆಯೂ ಇಲ್ಲಿ ಕಮ್ಮಿ ತಮಾಷೆಯದಲ್ಲ. 1920ರಿಂದ 1940ರವರೆಗಿನ ಅಮೆರಿಕದ ಜನಗಣತಿಯಲ್ಲಿ ‘ಹಿಂದೂ’ ಎಂಬುದು ಒಂದು ಜನಾಂಗ. ಪಂಜಾಬಿನಿಂದ ಬಂದ ಸಿಖ್ಖನೂ ಹಿಂದೂ, ಮುಸಲ್ಮಾನನೂ ಹಿಂದೂ. 1970ರಲ್ಲಿ ನಾವು ಬಿಳಿಯರಾದೆವು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂದು ಹೊಸ ಚೌಕ ಬಂತು, ಅದಕ್ಕೇ ನಾನು 2020ರಲ್ಲಿ ಗುರುತು ಹಾಕಿದ್ದು. ನನ್ನ ಆ ಗುರುತು ಓಮಾಹಾದ ನನ್ನ ಬೀದಿಯಲ್ಲೇ ಉಳಿಯಿತೋ, ಚಿಟಿಕೆ ಬೆರೆಸುವಾಗ ಪಕ್ಕದ ಬೀದಿಗೆ ಹೋಯಿತೋ, ಹೇಳಬಲ್ಲವರು ಯಾರೂ ಇಲ್ಲ.

ಐದು ಗಂಟೆಗೆ ಹೊರಡಬೇಕಿತ್ತು. ನಾಲ್ಕು ದೀಪ ಹತ್ತುವುದನ್ನು ನೋಡಿಕೊಂಡೇ ಹೋಗೋಣ ಎಂಬ ಹಟ ಹಿಡಿಯಿತು. ಗಾಳಿ ಜೋರಾಯಿತು, ಕಾರಿನೊಳಗೆ ಕೂತೆ. ಸಂಜೆ ಕಪ್ಪಾಗುವ ಹೊತ್ತಿಗೆ ಒಂದು ಪಿಕಪ್ ಟ್ರಕ್ಕು ಹೆದ್ದಾರಿಯಿಂದ ಇಳಿದು ಪಕ್ಕ ನಿಂತಿತು. ಟೋಪಿ ಹಾಕಿದ ಮುದುಕ ರೈತ ಕಿಟಕಿ ಇಳಿಸಿ ನನ್ನನ್ನು, ನನ್ನ ಕಾರನ್ನು, ಮೆಟ್ಟಿಲ ಮೇಲೆ ಮರೆತುಬಿಟ್ಟಿದ್ದ ಚಪಾತಿ ಡಬ್ಬಿಯನ್ನು ನೋಡಿದ.

‘ಆ ಎರಡನೆಯವನು ನೀನೇನಾ?’ ಅಂದ.

ಅಲ್ಲ, ಓಮಾಹಾ ಅಂದೆ.

ಬಾಗಿಲ ಕಡೆ ಕೈತೋರಿಸಿ, ‘ಇವತ್ತು ಇಲ್ಲ. ನಾಳೆ ಬಾ’ ಅಂದ.

ನನಗೆ ತಡೆಯಲಾರದ ನಗು. ಅವನಿಗೆ ಅರ್ಥವಾಗಲಿಲ್ಲ. ನಾವು ಚಿಕ್ಕವರಿದ್ದಾಗ ಮನೆಮನೆಯ ಬಾಗಿಲ ಮೇಲೆ ಆ ಎರಡು ಪದ ಬರೆದಿರುತ್ತಿದ್ದುದನ್ನು, ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವ ಅದನ್ನೋದಿ ದಿನಾ ವಾಪಸು ಹೋಗುತ್ತಿದ್ದುದನ್ನು ಯಾವ ಇಂಗ್ಲಿಷಿನಲ್ಲಿ ಹೇಳಲಿ? ಇಂಥ ಜಾಗಗಳಿಗೆ ಇಲ್ಲಿಯವರು ಘೋಸ್ಟ್ ಟೌನ್ ಅನ್ನುತ್ತಾರೆ. ಇವತ್ತು ಬಾಗಿಲು ಬಡಿದದ್ದು ನಾನು.

ಅವನು ಸ್ಟಿಯರಿಂಗ್ ಮೇಲಿನ ಒಂದು ಬೆರಳೆತ್ತಿ ಹೋದ. ಡಬ್ಬಿ ತರಲು ಇಳಿದೆ. ಅಷ್ಟರಲ್ಲಿ ಬೀದಿದೀಪ ಹತ್ತಿತ್ತು, ಹತ್ತುವ ಕ್ಷಣ ತಪ್ಪಿಹೋಗಿತ್ತು.